ಹರಿಗೋಲು ಎಲ್ಲಿ ದಡ ಸೇರುತ್ತದೆ? ಲೆಕ್ಕ ಹಾಕಿ ನೋಡಿ

ಹಂಪಿ ಹತ್ತಿರದ ತಳವಾರಘಟ್ಟದಿಂದ ಆನೆಗೊಂದಿಗೆ ತುಂಗಭದ್ರೆ ದಾಟಲು ಹರಿಗೋಲು ಬಳಸುವುದು ಹಳೇ ರೂಢಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇದನ್ನು ನೋಡಿ ಬರೆದಿದ್ದಾನೆ: ಬುಟ್ಟಿಯಂಥ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ. ಸುತ್ತಿದರೆ ಸುತ್ತಲಿ. ಸಾಪೇಕ್ಷ ವೇಗದ, ಅಂದರೆ ಒಂದು ವಸ್ತುವಿನ ವೇಗವನ್ನು ಇನ್ನೊಂದಕ್ಕೆ ಹೋಲಿಸಿ ನೋಡುವ, ಲೆಕ್ಕಕ್ಕೆ ದೋಣಿಯ ನಡುಭಾಗ ಎತ್ತ ಸಾಗುತ್ತದೆ ಅನ್ನುವುದಷ್ಟೇ ಮುಖ್ಯ.

ಮೊದಲು ನೀರಿನ ವೇಗ ಅಳೆಯಿರಿ. ದಡದಲ್ಲಿ 30 ಮೀಟರ್ ಅಂತರಕ್ಕೆ ಎರಡು ಗೂಟ ನೆಡಿ. ಮೇಲಿನ ಗೂಟಕ್ಕಿಂತ ಸ್ವಲ್ಪ ಮೇಲೆ, ನಡುನೀರಿಗೆ, ಒಂದು ಎಳನೀರು ಕಾಯಿ ಎಸೆಯಿರಿ. ಥರ್ಮಾಕೋಲ್ ಬೇಡ, ಅದು ನೀರಿಗಿಂತ ಗಾಳಿಯ ಮಾತನ್ನೇ ಜಾಸ್ತಿ ಕೇಳುತ್ತದೆ. ಗೂಟದಿಂದ ಗೂಟಕ್ಕೆ ಕಾಯಿ 50 ಸೆಕೆಂಡ್ ತೆಗೆದುಕೊಂಡರೆ, ನೀರಿನ ವೇಗ ಸೆಕೆಂಡಿಗೆ 0.6 ಮೀಟರ್. ದಡದ ಹತ್ತಿರ ಸೆಳವು ಕಡಿಮೆ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಮುಂದೆ ದೋಣಿಯ ಸ್ವಂತ ವೇಗ. ಇದನ್ನು ಕೆರೆಯಂಥ ನಿಂತ ನೀರಿನಲ್ಲಿ ಅಳೆಯಬೇಕು. ಸೆಕೆಂಡಿಗೆ 1 ಮೀಟರ್ ಅಂದುಕೊಳ್ಳಿ. ನೀರು ಹರಿಯುವ ಕಡೆಗೇ ಹೊರಟರೆ ಕೂಡಿಸಿ: 1.6. ಎದುರು ನೀರಿಗೆ ಹೊರಟರೆ ಕಳೆಯಿರಿ: 0.4.

ಬಹಳ ಜನ ಎಡವುವುದು ಇಲ್ಲೇ. ಹೋಗುವಾಗ ಆದ ಲಾಭ, ಬರುವಾಗ ಆದ ನಷ್ಟ, ಎರಡೂ ಸರಿಹೋಯ್ತು ಅಲ್ವಾ ಅನ್ನುತ್ತಾರೆ. ಇಲ್ಲ. 120 ಮೀಟರ್ ಕೆಳಗಿಳಿಯಲು 75 ಸೆಕೆಂಡ್, ವಾಪಸ್ ಏರಲು 300. ಒಟ್ಟು 375. ಕೆರೆಯಲ್ಲಾದರೆ ಹೋಗಿಬರಲು 240 ಸಾಕಿತ್ತು. ಸೆಳವು ನೆರವಾಗುವ ಹೊತ್ತು ಕಡಿಮೆ, ಕಾಡುವ ಹೊತ್ತು ಜಾಸ್ತಿ. ಕಾರಣ ಇಷ್ಟೇ.

ಈಗ ಹೊಳೆ ದಾಟೋಣ. ಅಗಲ 200 ಮೀಟರ್ ಇರಲಿ. ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕಿದರೆ 200 ಸೆಕೆಂಡ್ ಬೇಕು. ಅಷ್ಟರಲ್ಲಿ ನೀರು ನಿಮ್ಮನ್ನು 120 ಮೀಟರ್ ಕೆಳಗೆ ಒಯ್ದಿರುತ್ತದೆ. ಸೆಳವು ಎರಡರಷ್ಟಾದರೂ ದಾಟಲು ಹಿಡಿಯುವುದು ಅದೇ 200 ಸೆಕೆಂಡ್. ಇಳಿಯುವ ಜಾಗ ಮಾತ್ರ 240 ಮೀಟರ್ ಕೆಳಗೆ.

ಸರಿಯಾಗಿ ಎದುರಿಗೇ ಇಳಿಯಬೇಕೆಂದರೆ ಮೇಲ್ಮುಖವಾಗಿ ಓರೆಗೆ ಹುಟ್ಟು ಹಾಕಬೇಕು. ಎಷ್ಟು ಓರೆ? ನೀರಿನ ವೇಗವನ್ನು ದೋಣಿಯ ವೇಗದಿಂದ ಭಾಗಿಸಿ. ಬಂದ 0.6, ನೇರ ಎದುರು ದಿಕ್ಕಿನಿಂದ ಓರೆಯಾಗುವ ಕೋನದ ಸೈನ್ (ತ್ರಿಕೋನಮಿತಿಯ ಅನುಪಾತ). ಕ್ಯಾಲ್ಕುಲೇಟರಿಗೆ ಕೋನ ಕೇಳಿದರೆ ಸುಮಾರು 37 ಡಿಗ್ರಿ. ಅಡ್ಡಲಾಗಿ ದಾಟುವ ವೇಗಕ್ಕೆ ಪೈಥಾಗೊರಸ್: 1ರ ವರ್ಗದಿಂದ 0.6ರ ವರ್ಗ ಕಳೆದರೆ 0.64, ಅದರ ವರ್ಗಮೂಲ 0.8. ಹಾಗಾಗಿ 250 ಸೆಕೆಂಡ್. ಎದುರಿಗೇ ಇಳಿಯುವ ಹಟಕ್ಕೆ 50 ಸೆಕೆಂಡ್ ದಂಡ.

ನೀರಿನ ವೇಗ ದೋಣಿಯ ವೇಗವನ್ನು ಮೀರಿದರೆ ಭಾಗಲಬ್ಧ 1 ದಾಟುತ್ತದೆ. ಕೋನ ಕೇಳಿದರೆ ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಎಷ್ಟೇ ಓರೆ ಹಿಡಿದರೂ ಕೆಳಗೇ ಇಳಿಯಬೇಕು. ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಹರಿಗೋಲು ಹತ್ತಲೇಬೇಡಿ.