ಐಟಿ ಕೆಲಸ ಬೇಕಾ? ಗಂಜಿನ ಪಟ್ಟಿಯಿಂದ ಶುರು ಮಾಡಿ

ಡಿಗ್ರಿ ಮುಗಿದ ಕೂಡಲೇ ಬ್ಯಾಗ್ ಕಟ್ಟಿಕೊಂಡು ಬೆಂಗಳೂರಿಗೆ ಹೋಗಬೇಡಿ. ಪಿಜಿ ಬಾಡಿಗೆ, ಕೋಚಿಂಗ್ ಫೀಸು ಅಂತ ಮನೆಯವರ ದುಡ್ಡು ಮೂರೇ ತಿಂಗಳಲ್ಲಿ ಖಾಲಿಯಾಗುತ್ತೆ. ಮೊದಲ ಆರು ತಿಂಗಳು ಕಲಬುರಗಿಯಲ್ಲೇ ಮನೆ ರೊಟ್ಟಿ ತಿಂದು ಕಲಿಯಬಹುದು.

ಒಂದೇ ಪ್ರೋಗ್ರಾಮಿಂಗ್ ಭಾಷೆ ಹಿಡಿಯಿರಿ. ನನ್ನ ಕೇಳಿದರೆ ಪೈಥಾನ್, ಆದರೆ ಕಾಲೇಜಿನಲ್ಲಿ ಜಾವಾ ಚೆನ್ನಾಗಿ ಕಲಿತಿದ್ದರೆ ಅದನ್ನೇ ಮುಂದುವರಿಸಿ. ಎನ್‌ಪಿಟಿಇಎಲ್ ಅನ್ನೋ ವೆಬ್‌ಸೈಟಿನಲ್ಲಿ ಐಐಟಿ ಮೇಷ್ಟ್ರುಗಳ ಪಾಠ, ಹಾರ್ವರ್ಡ್‌ನ ಸಿಎಸ್50 ಅನ್ನೋ ಕಂಪ್ಯೂಟರ್ ಸೈನ್ಸ್ ಕೋರ್ಸ್, ಎರಡನ್ನೂ ಉಚಿತವಾಗಿ ನೋಡಬಹುದು. ಹಳೇ ಲ್ಯಾಪ್‌ಟಾಪ್ ಸಾಕು, 8 ಜಿಬಿ ರ‍್ಯಾಮ್ ಇದ್ದು ಎಸ್‌ಎಸ್‌ಡಿ ಹಾಕಿಸಿದ್ದರೆ ಆರಾಮಾಗಿ ನಡೆಯುತ್ತೆ.

ಆಮೇಲೆ ನಮ್ಮೂರಿನದೇ ಒಂದು ಕೆಲಸ ತಗೊಂಡು ಪ್ರೋಗ್ರಾಂ ಬರೆಯಿರಿ. ಸರ್ಟಿಫಿಕೇಟ್ ಎಷ್ಟೇ ಕೂಡಿಹಾಕಿದರೂ ಇದರಷ್ಟು ಕಲಿಸುವುದಿಲ್ಲ. ನಾನು ತಗೊಂಡಿದ್ದು ಗಂಜಿನ (ಕೃಷಿ ಮಾರುಕಟ್ಟೆಯ) ಅಡತ್ ಅಂಗಡಿಯ, ಅಂದರೆ ಕಮಿಷನ್ ಏಜೆಂಟರ ಅಂಗಡಿಯ ಪಟ್ಟಿ, ಲೆಕ್ಕದ ಚೀಟಿ. ನಮ್ಮ ಕಾಕಾ ತೊಗರಿ ಮಾರಿದಾಗ ಕೊಡ್ತಾರಲ್ಲ, ತೂಕ, ದರ, ಹಮಾಲಿ ಕಳೆದು ಕೈಗೆ ಬರೋ ದುಡ್ಡು, ಅಷ್ಟೇ ಲೆಕ್ಕ. ಸುಲಭ ಅನ್ನಿಸಿತ್ತು. 7 ಕ್ವಿಂಟಲ್ 5 ಕೆಜಿಯನ್ನು 7.5 ಅಂತ ಹಾಕಿದೆ, ಕ್ವಿಂಟಲಿಗೆ 8,000 ರೂಪಾಯಿಯಂತೆ 60,000 ಬಂತು. ಕಾಕಾ ನೋಡಿದವರೇ, "ಇದು ಹ್ಯಾಂಗ ಆತೋ ತಮ್ಮಾ, 56,400 ಆಗಬೇಕಲ್ಲ" ಅಂದರು. ಕ್ವಿಂಟಲ್ ಅಂದರೆ 100 ಕೆಜಿ, ಹಾಗಾಗಿ ಅದು 7.05. ಒಂದು ಸೊನ್ನೆಗೆ 3,600 ರೂಪಾಯಿ ವ್ಯತ್ಯಾಸ! ತೂಕವನ್ನು ಕೆಜಿಯಲ್ಲಿ, ದುಡ್ಡನ್ನು ಪೈಸೆಯಲ್ಲಿ ಇಟ್ಟುಕೊಂಡೇ ಲೆಕ್ಕ ಮಾಡಬೇಕು ಅನ್ನೋದು ಅವತ್ತು ತಲೆಗೆ ಹೋಯಿತು. ಮುಂದೆ ಇಂಟರ್‌ವ್ಯೂನಲ್ಲಿ ನನ್ನನ್ನು ಜಾಸ್ತಿ ಹೊತ್ತು ಕೇಳಿದ್ದೂ ಈ ತಪ್ಪಿನ ಬಗ್ಗೆಯೇ.

ಪಟ್ಟಿಗಳನ್ನೆಲ್ಲ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲಿ ಇಡಿ, ಡೇಟಾಬೇಸ್ ಜೊತೆ ಮಾತಾಡೋ ಭಾಷೆ ಎಸ್‌ಕ್ಯೂಎಲ್ ತಾನಾಗೇ ಕೈಗೆ ಹತ್ತುತ್ತೆ. ಕೋಡನ್ನು ಗಿಟ್‌ಹಬ್‌ಗೆ (ಕೋಡ್ ಇಟ್ಟು ಬೇರೆಯವರಿಗೂ ತೋರಿಸೋ ವೆಬ್‌ಸೈಟ್) ಹಾಕಿ, ಅದು ಏನು ಮಾಡುತ್ತೆ, ಹೇಗೆ ಓಡಿಸಬೇಕು ಅಂತ ಜೊತೆಗಿಡೋ ರೀಡ್‌ಮಿ ಫೈಲಿನಲ್ಲಿ ನಾಲ್ಕು ಸಾಲು ಬರೆಯಿರಿ.

ಇಂಗ್ಲಿಷ್ ಭಯ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರನ್ನು ಹಿಂದೆ ಎಳೆಯುತ್ತೆ, ನನಗೂ ಇತ್ತು. ದಿನಾ ಹತ್ತು ನಿಮಿಷ ನಿಮ್ಮ ಕೋಡ್ ಬಗ್ಗೆ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ವ್ಯಾಕರಣ ಆಮೇಲೆ ನೋಡಿಕೊಳ್ಳೋಣ, ಮೊದಲು ಬಾಯಿ ತೆರೆಯಬೇಕು ಅಲ್ವಾ?

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಮಾಡಿಸಿ ಇಟ್ಟುಕೊಳ್ಳಿ. ರಾಜ್ಯ ಸರ್ಕಾರದ ಹುದ್ದೆಗೆ ಬೇಕಾಗುತ್ತೆ, ಖಾಸಗಿ ಕಂಪನಿಗೆ ಅದು ಲೆಕ್ಕಕ್ಕಿಲ್ಲ. ಕೆಲಸ ಕೊಡಿಸ್ತೀವಿ, ಮೊದಲು ಡೆಪಾಸಿಟ್ ಕಟ್ಟಿ ಅನ್ನೋರಿಗೆ ಮಾತ್ರ ಒಂದು ರೂಪಾಯಿನೂ ಕೊಡಬೇಡಿ.

ನಿಮ್ಮ ಪ್ರೋಗ್ರಾಂ ಅನ್ನು ಮನೆಯವರಲ್ಲದ ಒಬ್ಬರು ಒಂದು ವಾರ ಬಳಸಲಿ, ಅವರು ಹೇಳಿದ ತಪ್ಪು ಸರಿಮಾಡಿ, ಆಮೇಲೆ ರೆಸ್ಯೂಮೆ ಕಳಿಸಲು ಶುರು ಮಾಡಿ. ಮೊದಲ ಸುತ್ತು ಎಷ್ಟೋ ಕಡೆ ಆನ್‌ಲೈನ್‌ನಲ್ಲೇ ಆಗುತ್ತೆ. ಮುಂದಿನ ಸುತ್ತಿಗೆ ಕರೆದರೆ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಬೆಂಗಳೂರಲ್ಲಿ ಇರ್ತೀರಿ.