ಕುಡಿಯದ, ಮೀನು ತಿನ್ನದ ನಮಗೆ ಮಾಲ್ಡೀವ್ಸ್ ಆಲ್ ಇನ್‌ಕ್ಲೂಸಿವ್ ಲಾಭವಾಗಿದ್ದು ಹೀಗೆ

"ಆಲ್ ಇನ್‌ಕ್ಲೂಸಿವ್ ಇರುವುದೇ ಕುಡಿಯುವವರಿಗೆ. ನೀವು ನೀರು ಕುಡಿದು ಅವರಿಗೆ ದುಡ್ಡು ಕಟ್ಟುತ್ತೀರಾ?" ಅಂತ ಭಾವ ಕೇಳಿದ್ದರು. ಆಲ್ ಇನ್‌ಕ್ಲೂಸಿವ್ ಅಂದರೆ ಊಟ, ತಿಂಡಿ, ಮದ್ಯವೂ ಸೇರಿ ಪಾನೀಯ ಎಲ್ಲ ರೂಮಿನ ದರದಲ್ಲೇ ಬರುವ ಪ್ಯಾಕೇಜ್. ಟಿಕೆಟ್ ಮಾಡಿಸುವವನೂ ಅದನ್ನೇ ಹೇಳಿದ. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಮೀನು ಮಾಂಸ ಇಲ್ಲ. ನಾನು, ನಮ್ಮವರು, 70 ದಾಟಿದ ಅತ್ತೆ, 9 ವರ್ಷದ ಮಗಳು. ಆದರೂ 2025ರ ದಸರಾ ರಜೆಯಲ್ಲಿ 4 ರಾತ್ರಿ ಆಲ್ ಇನ್‌ಕ್ಲೂಸಿವ್ ತಗೊಂಡೆ. ಹೊರಡುವ ದಿನ ಕೈಗೆ ಬಂದ ಬಿಲ್‌ನಲ್ಲಿ ಗ್ರೀನ್ ಟ್ಯಾಕ್ಸ್ (ಪ್ರವಾಸಿಗರಿಂದ ಸರ್ಕಾರ ತಗೊಳ್ಳುವ ಪರಿಸರ ತೆರಿಗೆ) ಬಿಟ್ಟು ಒಂದು ಡಾಲರ್ ಕೂಡ ಇರಲಿಲ್ಲ. ಮಾಲ್ಡೀವ್ಸ್‌ಗೆ ನಾವು ಹೋಗಿದ್ದು ಇದು ಮೂರನೇ ಸಲ. ಮೊದಲೆರಡು ಸಲ ಕಳೆದುಕೊಂಡ ದುಡ್ಡಿನಿಂದಲೇ ಇದನ್ನು ಕಲಿತೆ.

ಮೊದಲ ಸಲ, 2019ರಲ್ಲಿ, ಎಲ್ಲರ ಮಾತು ಕೇಳಿ ಹಾಫ್ ಬೋರ್ಡ್ ತಗೊಂಡೆವು. ಬೆಳಗ್ಗೆ ತಿಂಡಿ, ರಾತ್ರಿ ಊಟ, ಮಧ್ಯಾಹ್ನಕ್ಕೆ ಏನಾದರೂ ನೋಡಿಕೊಂಡರಾಯಿತು ಅಂತ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಅಲ್ವಾ, ಹೊರಗೆ ಹೋಗಿ ತಿನ್ನಲು ದರ್ಶಿನಿ ಇಲ್ಲ, ಪೆಟ್ಟಿಗೆ ಅಂಗಡಿಯೂ ಇಲ್ಲ. ರಾತ್ರಿ ಊಟಕ್ಕೆ ಕೂತರೆ ನೀರಿನ ಬಾಟಲಿಗೂ ಬಿಲ್. ಎರಡನೇ ದಿನದಿಂದ ಮಧ್ಯಾಹ್ನ ರೂಮಿನಲ್ಲಿ ಚಕ್ಕುಲಿ, ಅವಲಕ್ಕಿ, ಕಪ್ ನೂಡಲ್ಸ್. ಮಗಳು ಆಗ 3 ವರ್ಷದವಳು, ಹಾಲಿಗೂ ಪ್ರತಿ ಸಲ ಸಹಿ ಹಾಕಬೇಕಿತ್ತು. ಇಷ್ಟೆಲ್ಲ ಕೈ ಹಿಡಿದು ಖರ್ಚು ಮಾಡಿಯೂ ಕೊನೆಗೆ 500 ಡಾಲರ್ ಹತ್ತಿರ ಬಿಲ್ ಬಂತು.

ಎರಡನೇ ಸಲ, 2022ರಲ್ಲಿ, ಆಲ್ ಇನ್‌ಕ್ಲೂಸಿವ್ ತಗೊಂಡೆ, ಆದರೆ ಪಟ್ಟಿ ಓದಲಿಲ್ಲ. ಡಬ್ಬದ ಜ್ಯೂಸ್ ಸೇರಿತ್ತು, ಹಿಂಡಿದ ಜ್ಯೂಸ್ ಸೇರಿರಲಿಲ್ಲ. ಸ್ನಾರ್ಕೆಲಿಂಗ್ ಮಾಸ್ಕ್‌ಗೆ ದಿನಕ್ಕೆ ಬೇರೆ ಬಾಡಿಗೆ. ಅದಕ್ಕಿಂತ ದೊಡ್ಡ ಏಟು ಮಾಲೆಯಿಂದ ರೆಸಾರ್ಟ್‌ಗೆ ಹೋಗುವ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ವಿಮಾನ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆಯೊಳಗೆ ಮಾಲೆಯಲ್ಲಿ ಇಳಿಯದಿದ್ದರೆ ಅವತ್ತು ಸಿಗುವುದು ಕಷ್ಟ. ನಮ್ಮ ವಿಮಾನ ತಡವಾಯಿತು. ಏರ್‌ಪೋರ್ಟ್ ಪಕ್ಕದ ಹುಲ್‌ಹುಮಾಲೆಯಲ್ಲಿ ಕೈಯಿಂದ ಕೊಟ್ಟು ಒಂದು ರಾತ್ರಿ ಕಳೆದೆವು, ಅತ್ತ ರೆಸಾರ್ಟ್‌ನ ಮೊದಲ ರಾತ್ರಿಯ ದುಡ್ಡು ವಾಪಸ್ ಬರಲಿಲ್ಲ. ಮೂವರ ಸೀಪ್ಲೇನ್‌ಗೇ ಹೋಗಿಬರಲು 1200 ಡಾಲರ್ ಮೇಲೆ ಆಗಿತ್ತು. ಮೇಲಿಂದ ಅಟಾಲ್‌ಗಳನ್ನು (ಉಂಗುರದ ಹಾಗಿರುವ ಹವಳದ ದ್ವೀಪಗಳ ಗುಂಪು) ನೋಡುವುದು ನಿಜಕ್ಕೂ ಚಂದ, ಒಂದು ಸಲ ನೋಡಲೇಬೇಕು. ಆದರೆ 4 ರಾತ್ರಿಗೆ ಹೋಗುವವರು ಅದಕ್ಕೆ ಅಷ್ಟು ಸುರಿಯಬೇಡಿ.

ಹಾಗಾಗಿ ಈ ಸಲ ಮೊದಲು ತೀರ್ಮಾನಿಸಿದ್ದು ಸ್ಪೀಡ್‌ಬೋಟ್. ಮಾಲೆ ಅಟಾಲ್‌ನೊಳಗೇ, ಏರ್‌ಪೋರ್ಟ್‌ನಿಂದ 40 ನಿಮಿಷ. ದೊಡ್ಡವರಿಗೆ ಹೋಗಿಬರಲು 120 ಡಾಲರ್, ಮಗಳಿಗೆ ಅರ್ಧ. ಸೆಪ್ಟೆಂಬರ್ ಅಂದರೆ ಅಲ್ಲಿ ನೈಋತ್ಯ ಮುಂಗಾರು, ಅವರ ಭಾಷೆಯಲ್ಲಿ ಹುಳಂಗು. ದರ ಕ್ರಿಸ್‌ಮಸ್ ಹೊತ್ತಿನ ಅರ್ಧಕ್ಕೆ ಹತ್ತಿರ ಇರುತ್ತದೆ. "ಮಳೆಗಾಲದಲ್ಲಿ ಯಾರಾದರೂ ಹೋಗುತ್ತಾರಾ?" ಅಂದವರೇ ಜಾಸ್ತಿ. ನಮಗೆ ನಾಲ್ಕು ದಿನದಲ್ಲಿ ಸುಮಾರು ಆರು ಗಂಟೆ ಮಳೆ ಸಿಕ್ಕಿತು, ಅದರಲ್ಲಿ ಮೂರು ಗಂಟೆ ರಾತ್ರಿ ಹೊತ್ತು. ತೊಂದರೆ ಕೊಟ್ಟಿದ್ದು ಮಳೆಯಲ್ಲ, ಅಲೆ. ಈ ಕಾಲದಲ್ಲಿ ಗಾಳಿ ಪಶ್ಚಿಮದಿಂದ ಬರುತ್ತದೆ, ಆ ಕಡೆಯ ದಂಡೆ ಕಲಕಿರುತ್ತದೆ. ಪೂರ್ವ ದಿಕ್ಕಿನ ಬೀಚ್ ವಿಲ್ಲಾನೇ ಬೇಕು ಅಂತ ಬರೆದು ಕೇಳಿ ತಗೊಂಡೆ. ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿತ್ತು. ವಾಟರ್ ವಿಲ್ಲಾ ಬೇಡ ಅಂದಿದ್ದೂ ಯೋಚಿಸಿಯೇ. ಬೆಲೆ ಜಾಸ್ತಿ, ಉದ್ದದ ಮರದ ಸೇತುವೆ, ನೀರಿಗಿಳಿಯಲು ಏಣಿ, ಅತ್ತೆಯ ಮಂಡಿಗೆ ಆಗದ ಕೆಲಸ. ಬೋಟ್‌ನಲ್ಲಿ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ, ಮುಂದೆ ಕೂತವರಿಗೆ ಕುಲುಕಾಟ ತುಂಬಾ.

ಈಗ ದುಡ್ಡಿನ ವಿಷಯ. ಮೆನುವಿನಲ್ಲಿ 100 ಡಾಲರ್ ಅಂತ ಇದ್ದರೆ ನಾವು ಕೊಡುವುದು 100 ಅಲ್ಲ. ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್, ಅದೆಲ್ಲದರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. ಅದು 2019ರಲ್ಲಿ ಶೇಕಡಾ 12 ಇತ್ತು, 2023ರಲ್ಲಿ 16 ಆಯಿತು, 2025ರ ಜುಲೈನಿಂದ 17. ಅಂದರೆ 100 ಹೋಗಿ 128 ಮುಕ್ಕಾಲು ಆಗುತ್ತದೆ. ಹಾಫ್ ಬೋರ್ಡ್ ತಗೊಂಡು ಮಧ್ಯಾಹ್ನ ನೋಡಿಕೊಳ್ಳುತ್ತೇವೆ ಅನ್ನುವವರು ಈ ಏಟನ್ನು ದಿನಕ್ಕೆ ಹತ್ತು ಸಲ ತಿನ್ನುತ್ತಾರೆ.

ಭಾವನ ಬಾಯಿ ಮುಚ್ಚಿಸಬೇಕು ಅಂತಲೇ ಒಂದು ನೋಟ್‌ಬುಕ್ ಇಟ್ಟೆ. ನಾವು ತಿಂದಿದ್ದು, ಕುಡಿದಿದ್ದು, ಬಳಸಿದ್ದು ಎಲ್ಲವನ್ನೂ ಮೆನು ದರದಲ್ಲಿ ಬರೆದೆ. ಮಧ್ಯಾಹ್ನದ ಊಟ ನಾಲ್ವರಿಗೆ 100 ಡಾಲರ್. ಮಗಳ ಮಾಕ್‌ಟೇಲ್, ಐಸ್‌ಕ್ರೀಮ್, ನಮ್ಮವರ ಕಾಫಿ, ನೀರು ಎಲ್ಲ ಸೇರಿ ದಿನಕ್ಕೆ 110. ಸಂಜೆಯ ಚಹಾ ತಿಂಡಿ 40. ಮೂವರಿಗೆ ಮಾಸ್ಕ್, ಫಿನ್ 45. ತೆರಿಗೆ ಸೇರಿಸಿದರೆ ದಿನಕ್ಕೆ 380 ಹತ್ತಿರ, ನಾಲ್ಕು ದಿನಕ್ಕೆ 1500 ಡಾಲರ್. ಹಾಫ್ ಬೋರ್ಡ್‌ಗಿಂತ ಆಲ್ ಇನ್‌ಕ್ಲೂಸಿವ್‌ಗೆ ನಾವು ಹೆಚ್ಚಿಗೆ ಕೊಟ್ಟಿದ್ದು ದೊಡ್ಡವರಿಗೆ ದಿನಕ್ಕೆ 75ರಂತೆ 900. ಮಗಳಿಗೆ ಊಟ ಉಚಿತ, 12ರ ಒಳಗಿನ ಮಕ್ಕಳಿಗೆ ಹೀಗೆ ಕೊಡುವ ರೆಸಾರ್ಟ್‌ಗಳು ಬೇಕಾದಷ್ಟಿವೆ. ಒಂದು ಹನಿ ಹೆಂಡ ಮುಟ್ಟದೆ 600 ಡಾಲರ್ ಉಳಿಸಿದೆ.

ಒಟ್ಟು ಖರ್ಚು ನೆನಪಿನಿಂದ ಹೇಳುತ್ತೇನೆ. ರೂಮು ಊಟ 2080, ಬೋಟ್ 420, ಗ್ರೀನ್ ಟ್ಯಾಕ್ಸ್ ತಲೆಗೆ ರಾತ್ರಿಗೆ 12ರಂತೆ 192. ಡಾಲರ್ 88 ರೂಪಾಯಿ ಇತ್ತು, ಅಂದರೆ 2 ಲಕ್ಷ 37 ಸಾವಿರ. ಬೆಂಗಳೂರಿನಿಂದ ನೇರ ವಿಮಾನ, ನಾಲ್ವರಿಗೆ 95 ಸಾವಿರ ಚಿಲ್ಲರೆ. ವೀಸಾಗೆ ದುಡ್ಡಿಲ್ಲ, ಇಳಿದ ಮೇಲೆ ಮುದ್ರೆ ಒತ್ತುತ್ತಾರೆ. ಇಮುಗಾ ಅನ್ನುವ ಪ್ರವಾಸಿಗರ ಆನ್‌ಲೈನ್ ಫಾರ್ಮ್ ಮಾತ್ರ ಪ್ರಯಾಣಕ್ಕೆ ಮೊದಲಿನ 96 ಗಂಟೆಯೊಳಗೆ ನೀವೇ ತುಂಬಿ, ಅದೂ ಉಚಿತ, ದುಡ್ಡು ಕೇಳುವ ಜಾಲತಾಣಗಳಿಗೆ ಹೋಗಬೇಡಿ.

ಊಟದ ಭಯ ಅತ್ತೆಗಿತ್ತು. ಅಲ್ಲಿ ಟ್ಯೂನಾ ಮೀನು ಇಲ್ಲದ ಅಡುಗೆಯೇ ಕಮ್ಮಿ. ಬೆಳಗ್ಗೆ ಬಫೆಯಲ್ಲಿ ರೋಶಿ ಅಂತ ನಮ್ಮ ಚಪಾತಿ ಥರದ್ದು ಇರುತ್ತದೆ, ಅದು ಸರಿ. ಪಕ್ಕದಲ್ಲಿ ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ ಹಾಕಿದ ಪಲ್ಯದಂತೆ ಕಾಣುವುದು ಮಾಸ್ ಹುನಿ, ಅದರಲ್ಲಿ ಮೀನಿದೆ. ರಿಹಾಕುರು ಅಂತ ಕಂದು ಬಣ್ಣದ್ದು, ನೋಡಲು ನಮ್ಮ ಗೊಜ್ಜಿನ ಹಾಗೇ ಇರುತ್ತದೆ, ಅದು ಮೀನಿನ ಸಾರನ್ನು ಬತ್ತಿಸಿ ಮಾಡಿದ್ದು. ಮೊದಲ ದಿನವೇ ಅತ್ತೆಯನ್ನು ಬಫೆ ಸುತ್ತ ಕರೆದುಕೊಂಡು ಹೋಗಿ ಒಂದೊಂದನ್ನೂ ಕೇಳಿಸಿದೆ. ಹೊರಡುವ ಹತ್ತು ದಿನ ಮೊದಲು ಅಡುಗೆಮನೆಗೆ ಒಂದು ಮೇಲ್ ಹಾಕಿದ್ದೆ. ಅದರ ಒಕ್ಕಣೆ ಇಲ್ಲಿ ಕೊಡುವುದಿಲ್ಲ, ಅದನ್ನು ರೂಢಿಸಿಕೊಳ್ಳಲು ನನಗೆ ಮೂರು ಪ್ರವಾಸ ಹಿಡಿದಿದೆ. "ವೆಜಿಟೇರಿಯನ್" ಅಂತ ಒಂದು ಪದ ಬರೆದು ಸುಮ್ನೆ ಇದ್ದರೆ ಸಾಲದು, ಇಷ್ಟು ಹೇಳಬಲ್ಲೆ.

ಅಲ್ಲಿ ಅಡುಗೆಮನೆಯಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಇದ್ದ. ಎರಡನೇ ದಿನ ಅತ್ತೆಯ ಹತ್ತಿರ ಬಂದು, "ಅಮ್ಮಾ, ಮೊಸರನ್ನಕ್ಕೆ ಒಗ್ಗರಣೆ ಹಾಕ್ಲಾ?" ಅಂತ ಕನ್ನಡದಲ್ಲೇ ಕೇಳಿದ. ಅತ್ತೆ ಅವನ ಕೈ ಹಿಡಿದುಕೊಂಡು, "ಊಟ ಮಾಡಿದ್ಯೇನಪ್ಪಾ?" ಅಂದರು. ಅಲ್ಲಿಂದ ಹೊರಡುವ ತನಕ ರಾತ್ರಿ ಅವರಿಗೆ ಸಾಸಿವೆ, ಕರಿಬೇವು, ಶುಂಠಿ ಬಿದ್ದ ಮೊಸರನ್ನ.

ದೇವರ ವಿಗ್ರಹ ಮಾತ್ರ ಒಯ್ಯಬೇಡಿ. ಪೂಜೆಯ ವಿಗ್ರಹ ಆ ದೇಶದೊಳಗೆ ತರುವಂತಿಲ್ಲ, ಮದ್ಯವೂ ಅಷ್ಟೆ. ಅತ್ತೆಯ ಪುಟ್ಟ ಗಣಪತಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದೆವು. ಅವರು ಬೆಳಗ್ಗೆ ಸೂರ್ಯನಿಗೆ ಕೈ ಮುಗಿದು ಶ್ಲೋಕ ಹೇಳಿಕೊಂಡರು. ಪೂರ್ವದ ವಿಲ್ಲಾ ಅದಕ್ಕೂ ಅನುಕೂಲವಾಯಿತು.

ನಡುವೆ ಒಂದು ಕಾಫಿ ಪ್ರಯೋಗ ಮಾಡಿದೆ. ಸ್ಟೀಲ್ ಫಿಲ್ಟರ್, ಅರ್ಧ ಕಿಲೋ ಪುಡಿ ಒಯ್ದಿದ್ದೆ. ರೂಮಿನ ನೀರು ಸಮುದ್ರದ ಉಪ್ಪು ತೆಗೆದದ್ದು. ಮೊದಲ ದಿನ ಡಿಕಾಕ್ಷನ್ ತೆಳ್ಳಗೆ, ಸಪ್ಪೆ. ಎರಡನೇ ದಿನ ಪುಡಿ ಒಂದೂವರೆ ಪಟ್ಟು ಹಾಕಿ, ಕುದಿ ನೀರನ್ನು ಎರಡು ಸಲಕ್ಕೆ ಹುಯ್ದೆ. ಸರಿಯಾಯಿತು. ಬಿಸಿ ಹಾಲನ್ನು ಬಾರ್‌ನವರು ಫ್ಲಾಸ್ಕ್‌ನಲ್ಲಿ ಕೊಡುತ್ತಿದ್ದರು, ಅದೂ ಪ್ಯಾಕೇಜ್‌ನೊಳಗೇ.

ಕೊನೆಯ ದಿನದ ಬಗ್ಗೆ ಎಚ್ಚರ. ಪ್ಯಾಕೇಜ್ ಮಧ್ಯಾಹ್ನ 12ಕ್ಕೆ ಮುಗಿಯುತ್ತದೆ, ಬೋಟ್ ಸಂಜೆಗೆ ಇರುತ್ತದೆ. ನಡುವಿನ ಊಟಕ್ಕೆ ನಾಲ್ವರಿಗೆ ತೆರಿಗೆ ಸೇರಿ 130 ಡಾಲರ್ ಹೋಗುತ್ತದೆ. ನಾನು ಬುಕ್ ಮಾಡುವಾಗಲೇ ಕೇಳಿ ಕೊನೆಯ ದಿನದ ಊಟ ಸೇರಿದೆ ಅಂತ ಬರೆಸಿಕೊಂಡೆ. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ, ಎಲ್ಲ ಮೇಲ್‌ನಲ್ಲೇ ಇರಲಿ.

ನೋಟ್‌ಬುಕ್‌ನ ಹಾಳೆಗಳ ಫೋಟೊ ಭಾವನಿಗೆ ಕಳಿಸಿದೆ. ಅವರು ಏನೂ ಹೇಳಲಿಲ್ಲ, ಅಕ್ಕ ಮಾತ್ರ ಫೋನ್ ಮಾಡಿ ಮೇ ತಿಂಗಳ ದರ ಕೇಳಿದಳು. ಮುಂದಿನ ಸಲ ನನಗೆ ಬಾ ಅಟಾಲ್‌ನ ಹನಿಫಾರು ಕೊಲ್ಲಿಯ ಮಾಂಟಾ ರೇ ಅನ್ನುವ ದೊಡ್ಡ ಚಪ್ಪಟೆ ಮೀನುಗಳನ್ನು ನೋಡಬೇಕು. ಅವು ಸೇರುವುದು ಇದೇ ಮಳೆಗಾಲದಲ್ಲಿ. ಸೀಪ್ಲೇನ್ ಬಿಟ್ಟು ಸಣ್ಣ ವಿಮಾನದಲ್ಲಿ ಅದೇ ಅಟಾಲ್‌ನ ಧರವಂದೂ ದ್ವೀಪಕ್ಕೆ ಹೋಗಿ ಅಲ್ಲಿಂದ ಬೋಟ್ ಹಿಡಿಯುವ ಲೆಕ್ಕ ಶುರು ಮಾಡಿದ್ದೇನೆ.