ಮುಳ್ಳೇಳುವ ಚಳಿಯಲ್ಲಿ ಕುಸುರೆಳ್ಳು

ಬೆಳಗಿನ ಐದು ಗಂಟೆಗೆ ಅವ್ವ ಕೌದಿಯೊಳಗಿಂದ ಒಂದು ಕೈಯನ್ನಷ್ಟೇ ಹೊರಗೆ ಚಾಚಿ, ಗಾಳಿಯಲ್ಲಿ ಬೆರಳಾಡಿಸಿ ನೋಡಿ, ‘ಇಂದು ಶೇಗಡಿ ಹಚ್ಚು’ ಎಂದಳು. ಶೇಗಡಿ ಎಂದರೆ ನಮ್ಮ ಇದ್ದಿಲ ಒಲೆ. ಮೂರು ದಿನದಿಂದ ನಾನು ಈ ಮಾತಿಗೇ ಕಾಯುತ್ತಿದ್ದೆ. ಎಳ್ಳು ಅಮಾವಾಸ್ಯೆ ಕಳೆದ ಮೇಲೆ ವಿಜಯಪುರದಲ್ಲಿ ಚಳಿ ಬಲಿಯುತ್ತದೆ ನಿಜ, ಆದರೆ ನಡುವೆ ಮೋಡ ಕವಿದರೆ ರಾತ್ರಿಗಳು ಬೆಚ್ಚಗಾಗಿ ಗಾಳಿಯಲ್ಲಿ ಹಸಿ ಸೇರಿಕೊಳ್ಳುತ್ತದೆ. ಅಂಥ ದಿನ ಕುಸುರೆಳ್ಳಿಗೆ, ಅಂದರೆ ಎಳ್ಳಿಗೆ ಸಕ್ಕರೆ ಪಾಕ ಪೂಸುತ್ತ ಮೈತುಂಬ ಮುಳ್ಳೆಬ್ಬಿಸುವ ಸಂಕ್ರಾಂತಿಯ ಸಿಹಿಗೆ, ಕೈ ಹಾಕಬಾರದು. ಮೈಮೇಲೆ ಮುಳ್ಳೇಳುವಷ್ಟು ಚಳಿ ಇದ್ದರೆ ಮಾತ್ರ ಎಳ್ಳಿನ ಮೇಲೂ ಮುಳ್ಳೇಳುತ್ತದೆ ಎಂಬುದು ಅವ್ವನ ಲೆಕ್ಕ.

ನಮ್ಮ ಮನೆಯಲ್ಲಿ ಇದು ಅವ್ವನ ಕೆಲಸ. ಎರಡು ವರ್ಷದಿಂದ ಅವಳ ಬೆರಳಿನ ಗೆಣ್ಣುಗಳು ಬಾತು, ಚಳಿಗಾಲದಲ್ಲಿ ಮಡಚಲು ಬಾರದಂತಾಗಿವೆ. ಈ ಸಲ ತಂಗಿಯ ಮಗಳಿಗೆ ಮೊದಲ ಸಂಕ್ರಾಂತಿ. ಕೂಸಿಗೆ ಕಪ್ಪು ಅಂಗಿ ತೊಡಿಸಿ, ಕುಸುರೆಳ್ಳಿನ ಸರ, ಬಳೆ, ತೋಳಬಂದಿ ಹಾಕಿ, ತಲೆಯ ಮೇಲಿನಿಂದ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಎರೆಯಬೇಕು. ಪೇಟೆಯಲ್ಲಿ ಕುಸುರೆಳ್ಳು ಕಿಲೋಗಟ್ಟಲೆ ಸಿಗುತ್ತದೆ, ತರಬಹುದಿತ್ತು. ಆದರೆ ಅವ್ವ ಆ ಮಾತು ಬಂದಾಗಲೆಲ್ಲ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ‘ನೀನು ಹೇಳಿಕೊಡು, ನಾನು ಮಾಡುತ್ತೇನೆ’ ಎಂದೆ. ಜನವರಿ 9ರಂದು ಆರಂಭಿಸಿದೆವು. 13ಕ್ಕೆ ಭೋಗಿ, 14ಕ್ಕೆ ಸಂಕ್ರಾಂತಿ.

ಸಾಮಾನು ಹೆಚ್ಚೇನಿಲ್ಲ. ಬಿಳಿ ಎಳ್ಳು 50 ಗ್ರಾಂ. ಅದನ್ನು ನೆನೆಸಿ, ಗೋಣಿತಟ್ಟಿನ ಮೇಲೆ ತಿಕ್ಕಿ, ಸಿಪ್ಪೆ ತೆಗೆದು ನೆರಳಿನಲ್ಲಿ ಒಣಗಿಸಿದ್ದೆವು. ಸರದ ನಡುವಿನ ದೊಡ್ಡ ಕಾಳುಗಳಿಗಾಗಿ ಒಂದು ಹಿಡಿ ಸಾಬೂದಾನಿ. ಸಕ್ಕರೆ ದಿನಕ್ಕೆ ಕಾಲು ಕಿಲೋದಂತೆ ನಾಲ್ಕು ದಿನಕ್ಕೆ ಒಂದು ಕಿಲೋ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸುವಾಗ ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದುಹಾಕಿ ತೆಳು ಬಟ್ಟೆಯಲ್ಲಿ ಸೋಸಬೇಕು. ನಾಲ್ಕು ಹನಿ ಲಿಂಬೆರಸ ಬಿದ್ದರೆ ಪಾಕ ಪಾತ್ರೆಯಲ್ಲೇ ಹರಳುಗಟ್ಟುವುದಿಲ್ಲ. ಹದ ಒಂದೆಳೆಗಿಂತ ತುಸು ಕೆಳಗೇ ಇರಲಿ.

ಉಳಿದದ್ದೆಲ್ಲ ಬೆಂಕಿಯ ಹದ. ಶೇಗಡಿಯಲ್ಲಿ ಇದ್ದಿಲು ಕೆಂಪಾದ ಮೇಲೆ ಬೂದಿ ಮುಚ್ಚಿ, ಅದರ ಮೇಲೆ ದಪ್ಪ ತಳದ ಹಿತ್ತಾಳೆ ಪರಾತ ಇಡಬೇಕು. ಪರಾತದ ಮೇಲೆ ಅಂಗೈ ಊರಿ ಹತ್ತು ಎಣಿಸುವಷ್ಟು ಹೊತ್ತು ಇಡಲಾಗಬೇಕು. ಅದಕ್ಕಿಂತ ಬಿಸಿ ಏರಿದರೆ ಪೂಸಿದ ಸಕ್ಕರೆ ಕರಗುತ್ತದೆ ಅಥವಾ ಹಿಟ್ಟಾಗಿ ಉದುರುತ್ತದೆ. ನಾನು ಮೊದಲ ದಿನ ಮಾಡಿದ ತಪ್ಪು ಅದೇ. ಅರ್ಧ ಗಂಟೆ ಕಳೆದರೂ ಎಳ್ಳು ಎಳ್ಳಿನಂತೆಯೇ ಕಂಡಿತೆಂದು ಬೂದಿ ಸರಿಸಿದೆ, ಅರ್ಧ ಚಮಚದ ಬದಲು ಎರಡು ಚಮಚ ಪಾಕ ಸುರಿದೆ. ಕಣ್ಣೆದುರೇ ಎಳ್ಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಅವ್ವ ಬಯ್ಯಲಿಲ್ಲ. ಆ ಮುದ್ದೆಗೆ ಒಂದು ಚೂರು ಬೆಲ್ಲ, ಹುರಿದ ಶೇಂಗಾ ಸೇರಿಸಿ ಹುಡುಗರಿಗೆ ಚಿಕ್ಕಿ ಮಾಡಿಸಿದಳು. ‘ಎಳ್ಳು ಇನ್ನೂ ಇದೆ, ಮೊದಲಿನಿಂದ ಹಚ್ಚು’ ಎಂದಳು.

ಎರಡನೆಯ ಸಲ ಅವಳು ಮಂಚದಿಂದ ಇಳಿದು, ಕಂಬಳಿ ಹೊದ್ದು ನನ್ನ ಪಕ್ಕದಲ್ಲೇ ಕುಳಿತಳು. ಎಳ್ಳನ್ನು ಪರಾತದಲ್ಲಿ ಹರವಿ ಬೆಚ್ಚಗೆ ಮಾಡಿ, ಅರ್ಧ ಚಮಚ ಪಾಕವನ್ನು ಒಂದೇ ಕಡೆ ಬೀಳದಂತೆ ಹನಿಹನಿಯಾಗಿ ಬಿಡಬೇಕು. ಕೂಡಲೇ ಬೆರಳ ತುದಿಗಳಿಂದ ಸುತ್ತ ಸುತ್ತ ಆಡಿಸುತ್ತಿರಬೇಕು. ಒತ್ತಬಾರದು, ನಿಲ್ಲಿಸಬಾರದು. ಮೊದಲು ಎಳ್ಳು ಬೆರಳಿಗೆ ಅಂಟುತ್ತದೆ, ಸದ್ದು ಇರುವುದಿಲ್ಲ. ಒಂದು ನಿಮಿಷಕ್ಕೆ ಒದ್ದೆ ಮರಳಿನ ಹಾಗೆ ಸರಸರ ಎನ್ನುತ್ತದೆ. ಎರಡು ನಿಮಿಷ ದಾಟುವಾಗ ಕಾಳುಗಳು ಬಿಡಿಯಾಗಿ ಹಿತ್ತಾಳೆಯ ಮೇಲೆ ಕಿಣಿಕಿಣಿ ಎನ್ನತೊಡಗುತ್ತವೆ. ಆ ಸದ್ದು ಬಂದ ಮೇಲೆಯೇ ಮುಂದಿನ ಚಮಚ. ಅವ್ವ ಕಣ್ಣು ಮುಚ್ಚಿಕೊಂಡೇ ‘ಈಗ ಬಿಡು’, ‘ಇನ್ನೂ ಹಸಿ ಇದೆ’ ಎನ್ನುತ್ತಿದ್ದಳು. ಎರಡನೆಯ ದಿನದ ಹೊತ್ತಿಗೆ ಅವಳು ಹೇಳುವ ಮೊದಲೇ ನನಗೂ ಆ ಸದ್ದು ತಿಳಿಯತೊಡಗಿತು. ಐದರಿಂದ ಒಂಬತ್ತರವರೆಗೆ ಕುಳಿತರೆ ಎಪ್ಪತ್ತು ಚಮಚ ಆಗುತ್ತದೆ. ಬೆನ್ನು ಚಳಿಗೆ ಸೆಟೆದಿರುತ್ತದೆ, ಪಾದ ಮರಗಟ್ಟಿರುತ್ತದೆ, ಬೆರಳ ತುದಿಗಳಲ್ಲಿ ಮಾತ್ರ ಇಷ್ಟಿಷ್ಟೇ ಬಿಸಿ.

ನಮ್ಮ ಪಡಸಾಲೆ ಆ ನಾಲ್ಕು ದಿನ ತುಂಬಿಕೊಂಡೇ ಇತ್ತು. ಸಾಮಾನ್ಯವಾಗಿ ಎಂಟಕ್ಕೂ ಏಳದ ಮಗ, ತಂಗಿಯ ದೊಡ್ಡ ಹುಡುಗ ಇಬ್ಬರೂ ಒಂದೇ ಕೌದಿ ಹೊದ್ದು ಆರಕ್ಕೇ ಶೇಗಡಿಯ ಬಳಿ ಬಂದು ಕೂರುತ್ತಿದ್ದರು. ಅವರಿಗೆ ಈ ಬೆಂಕಿಯಲ್ಲಿ ಸುಲಗಾಯಿ ಸುಡಬೇಕು. ಕುಸುರೆಳ್ಳಿನ ಶೇಗಡಿಯ ಬೂದಿ ಕೆದಕಿದರೆ ಕೆಟ್ಟಿತು. ಹಾಗಾಗಿ ನನ್ನವಳು ಅಂಗಳದಲ್ಲಿ ಬೇರೆ ಬೆಂಕಿ ಹಾಕಿಕೊಟ್ಟಳು. ಹಸಿ ಕಡಲೆಯ ಗಿಡಗಳನ್ನು ಇಡೀ ಕಟ್ಟಾಗಿಯೇ ಹಿಡಿದು ಉರಿಯ ಮೇಲೆ ಆಡಿಸಿದರೆ ಎಲೆ ಸುಟ್ಟು ಕಾಯಿ ಚಟಪಟ ಎನ್ನುತ್ತದೆ. ಆ ಮಸಿ ಹತ್ತಿದ ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ತುಟಿಯೆಲ್ಲ ಕಪ್ಪು ಮಾಡಿಕೊಂಡು ಬಂದು ನನ್ನ ಬಾಯಿಗೂ ನಾಲ್ಕು ಕಾಳು ಇಡುತ್ತಿದ್ದರು. ನನ್ನ ಕೈ ಖಾಲಿ ಇರುತ್ತಿರಲಿಲ್ಲ. ಮೂರನೆಯ ದಿನ ಸೋದರಮಾವ ಹೊಲದಿಂದ ಸೀತನಿ ತೆನೆ ಕಳಿಸಿದ. ಹಾಲುಗಾಳು ಗಟ್ಟಿಯಾಗುವ ಮುಂಚಿನ ಬಿಳಿಜೋಳ. ಕೆಂಡದಲ್ಲಿ ಹೊರಳಿಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನುವುದು. ಇಂಥ ರುಚಿಗೆ ವರ್ಷದಲ್ಲಿ ಎರಡು ಮೂರು ವಾರವಷ್ಟೇ ಅವಕಾಶ. ಆಮೇಲೆ ಕಾಳು ಬಲಿತು ರೊಟ್ಟಿಯ ಜೋಳವಾಗುತ್ತದೆ. ಒಂಬತ್ತಕ್ಕೆ ಪರಾತ ಇಳಿಸಿದ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಗುರೆಳ್ಳು ಚಟ್ನಿ. ಕಚೇರಿಗೆ ಹೊರಡುವಾಗ ನನ್ನ ಬೆರಳಿನಲ್ಲಿ ಸಕ್ಕರೆಯ ವಾಸನೆ ಹಾಗೇ ಇರುತ್ತಿತ್ತು.

ದಿನದ ಕೆಲಸ ಮುಗಿದ ಮೇಲೆ ಕಾಳುಗಳನ್ನು ಜರಡಿ ಹಿಡಿಯಬೇಕು. ಉದುರಿದ ಸಕ್ಕರೆ ಹಿಟ್ಟು ಉಳಿದರೆ ಮರುದಿನ ಮೈ ನುಣುಪಾಗುತ್ತದೆ, ಮುಳ್ಳು ಬರುವುದಿಲ್ಲ. ಆ ಹಿಟ್ಟನ್ನು ಎಸೆಯದೆ ನಾಳಿನ ಪಾಕಕ್ಕೇ ಹಾಕುತ್ತಿದ್ದೆವು. ರಾತ್ರಿಯಿಡೀ ಕಾಳು ತೆಳು ಮಲ್ಲಿನ ಬಟ್ಟೆಯ ಕೆಳಗೆ ಕಿಟಕಿಯ ಬಳಿ ಇರಬೇಕು. ಮಾಳಿಗೆಯ ಮೇಲೆ ಬೇಡ, ಇಬ್ಬನಿ ಬೀಳುತ್ತದೆ. ಮುಚ್ಚಿದ ಡಬ್ಬಿಯಂತೂ ಬೇಡವೇ ಬೇಡ.

ಮೊದಲ ದಿನ ಎಳ್ಳು ಬರೀ ಬೆಳ್ಳಗಾಗಿತ್ತು, ಎರಡನೆಯ ದಿನ ದಪ್ಪಗಾಯಿತು. ಮೂರನೆಯ ದಿನ, 11ರ ಬೆಳಿಗ್ಗೆ ಏಳರ ಸುಮಾರಿಗೆ, ಕೈಗೆ ಏನೋ ಬೇರೆ ತಾಗಿತು. ಅಲ್ಲಿಯವರೆಗೆ ಉರುಳುತ್ತಿದ್ದ ಕಾಳು ಈಗ ಬೆರಳಿಗೆ ತಡೆಯುತ್ತಿತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಸೂಜಿಯ ಮೊನೆಯಷ್ಟು ಸಣ್ಣ ಉಬ್ಬುಗಳು, ಮೈತುಂಬ. ನಾನು ಮಾತಾಡದೆ ಅದನ್ನು ಅವ್ವನ ಅಂಗೈಯಲ್ಲಿಟ್ಟೆ. ಅವಳು ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಅಂಗುಳಕ್ಕೆ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಚುಚ್ಚುತ್ತದೆ’ ಎಂದಳು. ಅಷ್ಟು ಸಾಕಾಗಿತ್ತು ನನಗೆ.

ಅದೇ ದಿನ ಮಗ ಮೊಬೈಲ್‌ನಲ್ಲಿ ಜಪಾನಿನ ಕೊಂಪೆಯಿತೋ ಎಂಬ ಮುಳ್ಳುಸಕ್ಕರೆ ತೋರಿಸಿದ. ಥೇಟ್ ನಮ್ಮ ಕುಸುರೆಳ್ಳೇ. ಓರೆಯಾಗಿ ತಿರುಗುವ ಬಿಸಿ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಪಾಕ ಸುರಿಯುತ್ತ ಎರಡು ವಾರದವರೆಗೆ ಮಾಡುತ್ತಾರಂತೆ. ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ‘ಎರಡು ವಾರ ಕೂರುತ್ತಾರೆ ಎಂದರೆ ಬಲ್ಲವರೇ’ ಎಂದಳು.

ಸರ ಪೋಣಿಸುವುದು ತಂಗಿಯ ಪಾಲಿಗೆ ಬಂತು. ಕುಸುರೆಳ್ಳಿಗೆ ಸೂಜಿ ಚುಚ್ಚಿದರೆ ಒಡೆಯುತ್ತದೆ. ಒಂದೊಂದು ಕಾಳಿನ ನಡುವಿಗೆ ಬಿಳಿ ದಾರದ ಕುಣಿಕೆ ಹಾಕಿ ಬಿಗಿಯಬೇಕು. ಮುಳ್ಳಿದ್ದರೆ ದಾರ ಜಾರುವುದಿಲ್ಲ. ಈ ಪಾಟಿ ಮುಳ್ಳಿಗೆ ಹಂಬಲಿಸುವುದೇಕೆ ಎಂದು ನನಗೆ ಅಂದು ಅರ್ಥವಾಯಿತು.

ಸಂಕ್ರಾಂತಿಯ ಸಂಜೆ ಕೂಸನ್ನು ಅವ್ವನ ತೊಡೆಯ ಮೇಲೆ ಕೂರಿಸಿ ಬಾರಿಹಣ್ಣು ಎರೆದೆವು. ಹುಡುಗರು ನೆಲದ ಮೇಲೆ ಮುಗಿಬಿದ್ದು ಆರಿಸಿಕೊಂಡರು. ಸಿದ್ಧೇಶ್ವರ ಜಾತ್ರೆಯ ನಂದಿಕೋಲು ನೋಡಲು ಹೋಗಿದ್ದ ನೆರೆಯವರೂ ತಿರುಗಿ ಬರುವಾಗ ಒಳಗೆ ಬಂದು ಕೂಸಿನ ಸರ ಮುಟ್ಟಿ ನೋಡಿದರು. ಕುಸುರೆಳ್ಳು ಯಾರು ಮಾಡಿದ್ದು ಎಂದು ಕೇಳಿದವರಿಗೆಲ್ಲ ಅವ್ವ ನನ್ನ ಕಡೆ ಕೈ ತೋರಿಸಿದಳು. ಅಷ್ಟರಲ್ಲಿ ಕೂಸು ಸರದ ನಡುವಿನ ದೊಡ್ಡ ಕಾಳನ್ನು ಬಾಯಿಗೆ ಎಳೆದುಕೊಂಡಿತ್ತು. ಬಿಡಿಸಿ ನೋಡಿದರೆ ನಾಲ್ಕು ಬೆಳಗಿನ ಮುಳ್ಳೆಲ್ಲ ಕರಗಿ, ದಾರದಲ್ಲಿ ಒಂದು ಒದ್ದೆ ಸಾಬೂದಾನಿ ಉಳಿದಿತ್ತು. ತಂಗಿ ಅಯ್ಯೋ ಎಂದಳು. ಅವ್ವ ಪಕ್ಕದ ಬಟ್ಟಲಿನಿಂದ ಇನ್ನೊಂದು ಕಾಳು ಎತ್ತಿ, ಕೂಸಿನ ತುಟಿಯ ಬಳಿ ತಾನೇ ಹಿಡಿದಳು.